ಮಣಿ ಪೋಣಿಸುವ ಸಲಕರಣೆಗಳು: ನಂಜನಗೂಡು-ತಿರುಮಕೂಡಲು ನರಸೀಪುರ ಸೀಮೆಯ ಒಂದು ಅವಲೋಕನ

ಜನಪದ ಆಭರಣಗಳನ್ನು ಕುರಿತ ಬರವಣಿಗೆ ಕನ್ನಡದಲ್ಲಿ ಕಡಿಮೆಯೇನಲ್ಲ. ಯಾವ ಸಮುದಾಯದ ಹೆಣ್ಣುಮಕ್ಕಳು ಯಾವ ಸರವನ್ನು ಧರಿಸುತ್ತಾರೆ, ಯಾವ ಮಣಿಗೆ ಯಾವ ನಂಬಿಕೆ ಅಂಟಿಕೊಂಡಿದೆ, ಮದುವೆಯಲ್ಲಿ ಅದನ್ನು ಯಾರು ತರಬೇಕು, ಯಾರು ಕಟ್ಟಬೇಕು ಎಂಬ ವಿವರಗಳನ್ನು ನಮ್ಮ ಸಂಗ್ರಾಹಕರು ಶ್ರದ್ಧೆಯಿಂದ ಕಲೆಹಾಕಿದ್ದಾರೆ. ಆದರೆ ಆ ಮಣಿ ದಾರಕ್ಕೆ ಏರಿದ್ದು ಯಾವುದರ ನೆರವಿನಿಂದ ಎಂಬ ಪ್ರಶ್ನೆ ಈ ವಿವರಗಳ ನಡುವೆ ವಿರಳ. ಕುಂಬಾರನ ತಿಗರಿ, ನೇಕಾರನ ಲಾಳಿ, ಕಮ್ಮಾರನ ತಿದಿ ವೃತ್ತಿ ಜಾನಪದದ ಅಧ್ಯಾಯಗಳಲ್ಲಿ ಸ್ಥಾನ ಪಡೆದಿವೆ; ಮಣಿ ಪೋಣಿಸುವವಳ ಸೂಜಿಗೆ ಆ ಭಾಗ್ಯ ಒದಗಲಿಲ್ಲ. ಅದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಮಣಿಗೆಲಸವನ್ನು ಸುಲಭಗೊಳಿಸಿದ್ದು ಕಣ್ಣಿಗೆ ಎದ್ದು ಕಾಣುವ ಯಂತ್ರವಲ್ಲ. ದಾರದ ತುದಿಯನ್ನು ಗಟ್ಟಿಯಾಗಿಡುವ, ಮಣಿ ಉರುಳಿ ಹೋಗದಂತೆ ತಡೆಯುವ, ಕಣ್ಣಿನ ಶ್ರಮವನ್ನು ಉಳಿಸುವ ಚಿಕ್ಕಪುಟ್ಟ ಸಾಧನಗಳು ಅವು. ಬಹುಪಾಲು ಹೆಂಗಸರ ಕೈಯಲ್ಲಿರುವ ಈ ಸಾಧನಗಳು ಕೆಲಸ ಮುಗಿದೊಡನೆ ಅಡುಗೆಮನೆಗೋ ಹೊಲಿಗೆಯ ಡಬ್ಬಿಗೋ ಮರಳುತ್ತವೆ. ಹಾಗೆ ಮರಳುವುದರಿಂದಲೇ ಅವು ಸಲಕರಣೆಗಳೆಂದು ನಮ್ಮ ಲೆಕ್ಕಕ್ಕೆ ಬರಲಿಲ್ಲ ಎಂಬುದು ಪ್ರಸ್ತುತ ಲೇಖನದ ನಿಲುವು. ಕಪಿಲಾ ನದಿಯ ದಡದ ನಂಜನಗೂಡು ಮತ್ತು ಕಾವೇರಿ-ಕಪಿಲೆಯರ ಸಂಗಮದ ತಿರುಮಕೂಡಲು ನರಸೀಪುರಗಳನ್ನು ನಡುವಿಟ್ಟುಕೊಂಡು ಈ ನಿಲುವನ್ನು ಪರಿಶೀಲಿಸಬಹುದು.

ಮೊದಲು ಪದಗಳ ವಿಚಾರ. ಕನ್ನಡದಲ್ಲಿ ಹೂವನ್ನು ‘ಕಟ್ಟುತ್ತೇವೆ’, ಮಣಿಯನ್ನು ‘ಪೋಣಿಸುತ್ತೇವೆ’, ಬುಟ್ಟಿಯನ್ನು ‘ಹೆಣೆಯುತ್ತೇವೆ’, ಬಟ್ಟೆಯನ್ನು ‘ನೇಯುತ್ತೇವೆ’. ಹಳಗನ್ನಡದ ‘ಕೋ’ ಎಂಬ ಧಾತು ಮಣಿಗೂ ಹೂವಿಗೂ ಸಲ್ಲುತ್ತಿತ್ತು. ಮೈಸೂರು ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುವ ಕೈಗೆ ಸೂಜಿ ಬೇಕಿಲ್ಲ. ಬೆರಳೇ ಕುಣಿಕೆ ಹಾಕುತ್ತದೆ. ರಸಬಾಳೆಗೆ ಹೆಸರಾದ ನಂಜನಗೂಡಿನಲ್ಲಿ ನಾರಿಗೇನು ಬರ! ಆದರೆ ಆ ನಾರು ಮಣಿಗೆ ಒದಗುವುದಿಲ್ಲ. ಒಣಗಿದರೆ ಅದು ಬಿರುಸಾಗಿ ಮುರಿಯುತ್ತದೆ, ಗಾಜಿನ ಮಣಿಯ ಅಂಚು ಅದನ್ನು ಕತ್ತರಿಸುತ್ತದೆ. ಮಣಿಗೆ ಬೇಕಾದುದು ಸಣ್ಣಗಿದ್ದೂ ಜಗ್ಗಿದರೆ ತಡೆಯುವ ಎಳೆ. ಇನ್ನು ಮಣಿಯನ್ನು ಸಾಲಾಗಿ ಏರಿಸುವುದು ಪೋಣಿಸುವಿಕೆಯಾದರೆ, ಒಂದೇ ಮಣಿಯೊಳಗೆ ಎಳೆಯನ್ನು ಎರಡು ಮೂರು ಸಲ ಹಾಯಿಸಿ ಹಾಸು, ತೋರಣ, ಗೊಂಬೆಗಳನ್ನು ಮಾಡುವುದು ಹೆಣಿಗೆ. ಮೊದಲನೆಯದರಲ್ಲಿ ಎಳೆ ಮಣಿಯ ಕಣ್ಣನ್ನು ಒಮ್ಮೆ ದಾಟಿದರೆ ಸಾಕು. ಎರಡನೆಯದರಲ್ಲಿ ಈಗಾಗಲೇ ಎಳೆಯಿರುವ ಕಣ್ಣಿನೊಳಗೆ ಮತ್ತೊಂದು ಎಳೆ ನುಗ್ಗಬೇಕು. ಸಲಕರಣೆಗಳ ಇತಿಹಾಸವೆಲ್ಲ ಈ ಇಕ್ಕಟ್ಟಿನ ಸುತ್ತ ನಡೆದಿದೆ.

ಕಣ್ಣು ಎಂದರೆ ಮಣಿಯ ರಂಧ್ರ. ಮಣಿಗೆಲಸದ ಮೊದಲ ಸೌಲಭ್ಯ ಸೂಜಿಯಲ್ಲಲ್ಲ, ಈ ಕಣ್ಣಿನಲ್ಲೇ ಅಡಗಿದೆ. ಕಲ್ಲಿನ ಮಣಿಗೆ ಎರಡೂ ಕಡೆಯಿಂದ ಕೊರೆದು ನಡುವೆ ಸಂಧಿಸುವುದು ಪ್ರಾಚೀನ ಕ್ರಮ. ಹೀಗೆ ಕೊರೆದಾಗ ರಂಧ್ರ ಡಮರುಗದಂತೆ ಬಾಯಿಯಲ್ಲಿ ಅಗಲವಾಗಿ ನಡುವಿನಲ್ಲಿ ಕಿರಿದಾಗುತ್ತದೆ. ದಾರದ ದಪ್ಪವನ್ನು ನಿರ್ಧರಿಸುವುದು ಆ ನಡುವಿನ ಕಿರಿದೇ. ಗುಜರಾತಿನ ಖಂಬಾತಿನಲ್ಲಿ ಅಕೀಕದ ಮಣಿಗಳನ್ನು ತುದಿಗೆ ಎರಡು ವಜ್ರದ ಚೂರುಗಳನ್ನು ಕೂಡಿಸಿದ ಬೈರಿಗೆಯನ್ನು ಬಿಲ್ಲಿನಿಂದ ತಿರುಗಿಸಿ ಕೊರೆಯುವ ವಿಧಾನ ನಮ್ಮ ಕಾಲದವರೆಗೂ ಉಳಿದುಬಂದಿದೆ. ಗಾಜಿನ ಮಣಿಯ ಮಾತು ಬೇರೆ. ಆಂಧ್ರಪ್ರದೇಶದ ಶ್ರೀಕಾಳಹಸ್ತಿಯ ಸಮೀಪದ ಪಾಪಾನಾಯುಡುಪೇಟೆಯಲ್ಲಿ ಕಾದ ಗಾಜನ್ನು ಟೊಳ್ಳುಗೊಳಿಸಿ ಉದ್ದಕ್ಕೆ ಎಳೆದು, ಆ ಕೊಳವೆಯನ್ನು ಚಿಕ್ಕಚಿಕ್ಕದಾಗಿ ತುಂಡರಿಸಿ, ಮತ್ತೆ ಬೂದಿಯೊಡನೆ ಕಾಯಿಸಿ ಅಂಚನ್ನು ಉರುಟುಗೊಳಿಸುವ ಪದ್ಧತಿಯನ್ನು ಮಣಿಗಳ ಸಂಶೋಧಕ ಪೀಟರ್ ಫ್ರಾನ್ಸಿಸ್ ವಿವರವಾಗಿ ದಾಖಲಿಸಿದ. ಅರಿಕಮೇಡಿನ ಪ್ರಾಚೀನ ಮಣಿಗಳಿಗೂ ಈ ಪದ್ಧತಿಗೂ ಇರುವ ನಂಟನ್ನು ತೋರಿಸಿ, ಇಂಥ ಮಣಿಗಳಿಗೆ ಇಂಡೋ-ಪೆಸಿಫಿಕ್ ಮಣಿಗಳೆಂದು ಹೆಸರಿಟ್ಟವನೂ ಆತನೇ. ಎಳೆದ ಕೊಳವೆಯಿಂದ ಬಂದ ಮಣಿಯ ಕಣ್ಣು ಈ ಬಾಯಿಂದ ಆ ಬಾಯಿಗೆ ಒಂದೇ ಅಳತೆಯಲ್ಲಿರುತ್ತದೆ. ಪೋಣಿಸುವವಳ ಕೆಲಸದ ಒಂದು ಭಾಗವನ್ನು ಗಾಜಿನ ಕುಲುಮೆಯವನು ಮೊದಲೇ ಮಾಡಿಕೊಟ್ಟಿರುತ್ತಾನೆ.

ತಿ. ನರಸೀಪುರದ ನವಶಿಲಾಯುಗದ ನೆಲೆ ಪುರಾತತ್ತ್ವದಲ್ಲಿ ಹೆಸರು ಮಾಡಿದ ಸ್ಥಳ. ಎಂ. ಶೇಷಾದ್ರಿಯವರು ೧೯೫೯ರಿಂದ ೧೯೬೫ರ ನಡುವೆ ನಡೆಸಿದ ಉತ್ಖನನಗಳಲ್ಲಿ ಇಲ್ಲಿ ಶವಸಂಸ್ಕಾರದ ಕುರುಹುಗಳೂ ಸುಟ್ಟ ಮಣ್ಣಿನ ತಲೆದಿಂಬುಗಳೂ ದೊರೆತವು. ಅವರ ವರದಿ ೧೯೭೧ರಲ್ಲಿ ಪ್ರಕಟವಾಯಿತು. ತಲೆದಿಂಬನ್ನು ಕೇಶಾಲಂಕಾರ ಕೆಡದಂತೆ ಬಳಸುತ್ತಿದ್ದಿರಬಹುದೆಂಬ ವಿವರಣೆಯನ್ನು ಒಪ್ಪುವುದಾದರೆ, ಅಲಂಕಾರದ ಬಗೆಗೆ ಕಾಳಜಿಯುಳ್ಳ ಜನ ಈ ಸಂಗಮದ ಬಳಿ ಬಾಳಿದ್ದರೆನ್ನಬೇಕು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದ ಬೃಹತ್ ಶಿಲಾಸಮಾಧಿಯೊಂದರಲ್ಲಿ ೩೩ ಚಿನ್ನದ ಮಣಿಗಳೂ ೨ ಕಲ್ಲಿನ ಮಣಿಗಳೂ ಸಿಕ್ಕವು. ಮಣಿ ಉಳಿಯಿತು, ದಾರ ಮಣ್ಣಾಯಿತು. ೩೩ ಮಣಿಗಳು ಒಂದೇ ಸರದವೋ ಎರಡೆಳೆಯವೋ ಎಂದು ಹೇಳಬಲ್ಲ ಸಾಕ್ಷಿಯೇ ಮಣ್ಣಾಗುವಂಥದು. ಅಗೆತದ ನೆಲದಲ್ಲಿ ಸಂಭವಿಸಿದ ಈ ನಷ್ಟವೇ ಮನೆಯ ಪೆಟ್ಟಿಗೆಗಳಲ್ಲಿ ಇನ್ನೂ ವೇಗವಾಗಿ ಸಂಭವಿಸುತ್ತಿದೆ.

ಶಿಲ್ಪದಲ್ಲಾದರೆ ದಾರ ಕಲ್ಲಾಗಿ ಉಳಿದಿದೆ. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯ, ಬೇಲೂರು-ಹಳೇಬೀಡುಗಳೊಡನೆ ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ೧೩ನೆಯ ಶತಮಾನದ ಈ ಗುಡಿಯ ಹೊರಗೋಡೆಯ ಮೂರ್ತಿಗಳ ಸೊಂಟದಿಂದ ತೊಡೆಯ ಮೇಲೆ ಇಳಿಯುವ ಊರುದಾಮ, ಅವುಗಳ ನಡುವೆ ತೂಗುವ ಮುಕ್ತಾದಾಮಗಳನ್ನು ಆಭರಣಶಾಸ್ತ್ರದ ದೃಷ್ಟಿಯಿಂದ ಅನೇಕರು ವರ್ಣಿಸಿದ್ದಾರೆ. ಪೋಣಿಸುವವಳ ದೃಷ್ಟಿಯಿಂದ ನೋಡಿದರೆ ಬೇರೊಂದು ಅಂಶ ತೋರುತ್ತದೆ. ಬಳಪದ ಕಲ್ಲಿನಲ್ಲಿ ಶಿಲ್ಪಿ ಮಣಿಯೊಂದನ್ನು ಇನ್ನೊಂದರಿಂದ ಬಿಡಿಸಿ ತೋರಿಸಿದ್ದಾನೆ. ಸರ ಎಲ್ಲಿ ಬಾಗಬೇಕು, ಭಾರಕ್ಕೆ ಎಷ್ಟು ಇಳಿಬೀಳಬೇಕು ಎಂಬುದನ್ನು ಅರಿತು ಕಡೆದಿದ್ದಾನೆ. ಸರದ ಗುಣವನ್ನು ಬಲ್ಲವನ ಕೆಲಸ ಅದು. ಹಾಗಿದ್ದೂ ಪೋಣಿಸುವ ಕ್ರಿಯೆಯ ಸುಳಿವು ಅಲ್ಲಿಲ್ಲ. ನಮ್ಮ ಕಾವ್ಯದ ಪ್ರವೃತ್ತಿಯೂ ಹೆಚ್ಚುಕಡಿಮೆ ಇದೇ. ಭಗವದ್ಗೀತೆಯ ೭ನೆಯ ಅಧ್ಯಾಯದ ಹೋಲಿಕೆಯಲ್ಲಿ ದಾರವಿದೆ, ಮಣಿಗಳಿವೆ; ಸೂಜಿಯಿಲ್ಲ. ಸೂಜಿಗೆ ಹೆಸರಿನಲ್ಲಾದರೂ ಸ್ಥಾನ ಕೊಟ್ಟವರು ಶರಣರು. ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರ ತನ್ನ ಕಾಯಕವನ್ನೇ ಹೆಸರಾಗಿ ಹೊತ್ತವನು.

ಇನ್ನು ದಾರದ ತುದಿಗೆ ಬರೋಣ. ಹೊಸದಾಗಿ ಕತ್ತರಿಸಿದ ನೂಲಿನ ತುದಿ ಒಡೆದು ಕುಚ್ಚಾಗುತ್ತದೆ. ಅದನ್ನು ಬಾಯಲ್ಲಿ ನೆನೆಸಿ ಹೊಸೆಯುವುದು ಎಲ್ಲರೂ ಬಲ್ಲ ಉಪಾಯ. ನೆನೆದ ತುದಿ ನಾಲ್ಕು ಮಣಿ ದಾಟುವಷ್ಟರಲ್ಲಿ ಮತ್ತೆ ಮೆತ್ತಗಾಗುತ್ತದೆ. ಗಟ್ಟಿ ಗಂಜಿಯಲ್ಲಿ ಅದ್ದಿ ನೆರಳಲ್ಲಿ ಒಣಗಿಸಿದರೆ ಅದೇ ತುದಿ ಕಡ್ಡಿಯಂತಾಗಿ, ಸೂಜಿಯಿಲ್ಲದೆಯೇ ಉದ್ದನೆಯ ಸರ ಪೋಣಿಸಲು ಒದಗುತ್ತದೆ. ಇನ್ನೊಂದು ಉಪಾಯ ಜೇನುಮೇಣ. ಮೇಣವನ್ನು ದಾರದುದ್ದಕ್ಕೂ ತೀಡಿದರೆ ಎಳೆಗಳು ಒಂದಾಗುತ್ತವೆ, ಗಂಟು ಬೀಳುವುದು ತಪ್ಪುತ್ತದೆ, ಮಣಿಯ ಅಂಚಿನ ಉಜ್ಜಾಟಕ್ಕೆ ದಾರ ತಡೆಯುತ್ತದೆ. ಅರಗು, ಮೇಣದಬತ್ತಿ, ಈಚಿನ ದಿನಗಳಲ್ಲಿ ಉಗುರುಬಣ್ಣ, ಅಂಗಡಿಯ ಗೋಂದು, ಎಲ್ಲವೂ ಇದೇ ಕೆಲಸವನ್ನು ಮಾಡುತ್ತವೆ. ಗಂಜಿ ಹಾಕುವುದು ನೇಕಾರರ ಹಾಸಿನ ಸಿದ್ಧತೆಯಲ್ಲೂ ಇದೆಯೆಂಬುದನ್ನು ಇಲ್ಲಿ ಮರೆಯಬಾರದು. ಅಲ್ಲಿ ಅದನ್ನು ತಂತ್ರಜ್ಞಾನ ಎನ್ನುತ್ತೇವೆ. ಜಗಲಿಯ ಮೇಲೆ ಕುಳಿತವಳು ಮಾಡಿದರೆ ಕಾಲಹರಣ ಎನ್ನುತ್ತೇವೆ.

ಮಣಿಯ ಸೂಜಿ ಸಾಮಾನ್ಯ ಹೊಲಿಗೆಯ ಸೂಜಿಯಂತಲ್ಲ. ಹೊಲಿಗೆಯ ಸೂಜಿಯ ಕಣ್ಣಿನ ಭಾಗ ಕಾಂಡಕ್ಕಿಂತ ದಪ್ಪ. ಬಟ್ಟೆ ಹಿಗ್ಗಿ ದಾರಿ ಬಿಡುವುದರಿಂದ ಅದರಿಂದ ತೊಂದರೆಯಿಲ್ಲ. ಗಾಜು ಹಿಗ್ಗುವುದಿಲ್ಲ. ಆದ್ದರಿಂದ ಮಣಿಯ ಸೂಜಿಯನ್ನು ಉದ್ದವಾಗಿ, ತೆಳ್ಳಗೆ, ಕಣ್ಣು ಕಾಂಡಕ್ಕಿಂತ ದಪ್ಪವಾಗದಂತೆ ಮಾಡಬೇಕು. ಇಂಗ್ಲೆಂಡಿನ ರೆಡ್ಡಿಚ್ ಪಟ್ಟಣ ೧೯ನೆಯ ಶತಮಾನದಲ್ಲಿ ಸೂಜಿಯ ತಯಾರಿಕೆಗೆ ಜಗತ್ತಿನಲ್ಲೇ ಹೆಸರಾಗಿತ್ತು. ಸೂಜಿಯ ಅಂಕಿ ಹೆಚ್ಚಿದಂತೆ ದಪ್ಪ ಕಡಿಮೆ. ಬೀಜಮಣಿಯಲ್ಲೂ ಅಂಕಿ ಹೆಚ್ಚಿದಂತೆ ಗಾತ್ರ ಕಡಿಮೆ. ೧೧ನೆಯ ಅಂಕಿಯ ಗಾಜಿನ ಮಣಿ ಸುಮಾರು ೨ ಮಿಲಿಮೀಟರ್ ಅಗಲವಿದ್ದು, ಒಂದು ಮೀಟರ್ ಉದ್ದದ ಸರಕ್ಕೆ ಅಂಥ ಸುಮಾರು ೭೦೦ ಮಣಿಗಳು ಬೇಕು. ಐದೆಳೆಯ ಸರವೆಂದರೆ ೩೫೦೦ ಸಲ ತುದಿ ಕಣ್ಣನ್ನು ಹುಡುಕಬೇಕು. ಸಲಕರಣೆ ಎಷ್ಟು ಚಿಕ್ಕದಾದರೂ ಅದರ ಉಪಕಾರವನ್ನು ಅಳೆಯಬೇಕಾದುದು ಈ ಸಂಖ್ಯೆಯಿಂದ.

ತೆಳ್ಳನೆಯ ಸೂಜಿ ಮಣಿಯ ಕಷ್ಟವನ್ನು ನಿವಾರಿಸಿ ದಾರದ ಕಷ್ಟವನ್ನು ತಂದಿಟ್ಟಿತು. ಅದರ ಕಣ್ಣಿಗೆ ದಾರ ಏರಿಸುವುದು ಎಳೆಯ ಕಣ್ಣುಳ್ಳವರಿಗೇ ಪ್ರಯಾಸ. ನಲವತ್ತು ದಾಟಿದಂತೆ ಹತ್ತಿರದ ನೋಟ ಮಂಜಾಗುವುದು ಸಹಜ. ಕನ್ನಡಕವಿಲ್ಲದ ಮನೆಗಳಲ್ಲಿ ಮಣಿಗೆಲಸ ಬಲ್ಲವಳ ಕಸುಬು ಆ ವಯಸ್ಸಿಗೆ ನಿಲ್ಲುತ್ತದೆ. ಕೈ ಪಳಗಿರುವುದೂ ಅದೇ ವಯಸ್ಸಿಗೆ. ಅಜ್ಜಿಗೆ ಸೂಜಿಯ ಕಣ್ಣಿಗೆ ದಾರ ಏರಿಸಿಕೊಡುವ ಮೊಮ್ಮಗಳು ನಮ್ಮ ಊರುಗಳಲ್ಲಿ ಸಾಮಾನ್ಯ ದೃಶ್ಯ. ಮಗು ಕೆಲಸ ಕಲಿಯುವುದು ಅಲ್ಲಿಂದಲೇ: ಮೊದಲು ದಾರ ಏರಿಸುವುದು, ಆಮೇಲೆ ಬಣ್ಣ ಬೇರ್ಪಡಿಸುವುದು, ಕಡೆಗೆ ಮಣಿ ಎಣಿಸುವುದು. ಜಾತ್ರೆಯ ಅಂಗಡಿಗಳಲ್ಲಿ ಸೂಜಿಯ ಪೊಟ್ಟಣದೊಡನೆ ದೊರೆಯುವ, ತಗಡಿನ ಬಿಲ್ಲೆಯ ಮೇಲೆ ಹೆಣ್ಣಿನ ಮುಖವನ್ನು ಉಬ್ಬಿಸಿ ಅದಕ್ಕೆ ಎಳೆಯಂಥ ತಂತಿಯ ಕುಣಿಕೆ ಸಿಕ್ಕಿಸಿದ ದಾರವೇರಿಸುವ ಸಾಧನ ಬಂದಮೇಲೆ ಅಜ್ಜಿ ಮಗುವಿಗಾಗಿ ಕಾಯುವುದು ತಪ್ಪಿತು. ಕೆಲವು ಪೈಸೆಯ ವಸ್ತುವೊಂದು ಹೆಂಗಸಿನ ದುಡಿಮೆಯ ವಯಸ್ಸನ್ನು ಹಿಗ್ಗಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತೋಚುವುದಿಲ್ಲ. ಕಲಿಕೆಯ ಮೊದಲ ಮೆಟ್ಟಿಲನ್ನು ಅದು ಕಿತ್ತುಹಾಕಿತೆಂಬುದೂ ಅಷ್ಟೇ ನಿಜ.

ಮಣಿ ಉರುಳದಂತೆ ತಡೆಯುವ ಸಾಧನಗಳೂ ಮನೆಯವೇ. ಮೊರದಲ್ಲಿ ಒದ್ದೆ ಬಟ್ಟೆಯನ್ನೋ ಹಳೆಯ ಕಂಬಳಿಯ ತುಂಡನ್ನೋ ಹಾಸಿ ಮಣಿ ಸುರಿದರೆ ಅವು ನಿಂತಲ್ಲಿ ನಿಲ್ಲುತ್ತವೆ. ಕಂಬಳಿಯ ಜುಂಗಿನಲ್ಲಿ ಸಿಕ್ಕ ಮಣಿಯ ಕಣ್ಣು ಮೇಲ್ಮುಖವಾಗಿ ನಿಂತಾಗ ಸೂಜಿಯ ಮೊನೆಯಿಂದಲೇ ಅದನ್ನು ಎತ್ತಬಹುದು, ಬೆರಳು ತಾಗಿಸಬೇಕಿಲ್ಲ. ಇಂದು ಪೇಟೆಯಲ್ಲಿ ಮಣಿಚಾಪೆ ಎಂದು ಮಾರುವ ಮೆತ್ತನೆಯ ಹಾಸಿನ ತತ್ತ್ವವೂ ಇಷ್ಟೇ.

ಸಲಕರಣೆಗಿಂತ ಕ್ರಮವೇ ಮುಖ್ಯವಾಗುವ ಸಂದರ್ಭ ಕರಿಮಣಿಯದು. ಕರಿಮಣಿ ಸರದ ದಾರ ಸವೆದು ತುಂಡಾದರೆ ‘ಹರಿಯಿತು’ ಎನ್ನಬಾರದು, ‘ಹೆಚ್ಚಿತು’ ಎನ್ನಬೇಕು; ಬಳೆ ಒಡೆದಾಗಲೂ ಇದೇ ಮಾತು. ಸರವನ್ನು ಮತ್ತೆ ಪೋಣಿಸುವಷ್ಟು ಹೊತ್ತು ಕೊರಳು ಬರಿದಾಗಬಾರದೆಂದು ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಧರಿಸುವ ರೂಢಿಯಿದೆ. ಎಂದರೆ ಈ ಕೆಲಸಕ್ಕೆ ಕಾಲದ ಒತ್ತಡವಿದೆ, ಒಂದು ಮಣಿಯೂ ಕಳೆಯಬಾರದೆಂಬ ಆತಂಕವೂ ಇದೆ. ಅದಕ್ಕೆ ಕಂಡುಕೊಂಡ ಉಪಾಯ ಸೊಗಸಾದುದು. ಹಳೆಯ ದಾರದಿಂದ ಮಣಿಗಳನ್ನು ಸುರಿದುಕೊಳ್ಳದೆ, ಅದರ ತುದಿಯ ಎಳೆಗಳನ್ನು ಬಿಡಿಸಿ ಹೊಸ ದಾರದ ತುದಿಯನ್ನು ಅವುಗಳ ನಡುವೆ ಇಟ್ಟು ಮೇಣ ತೀಡಿ ಹೊಸೆಯುತ್ತಾರೆ. ಗಂಟು ಹಾಕಿದರೆ ಕಣ್ಣಿನಲ್ಲಿ ತೂರದು. ಹೊಸೆದ ಬೆಸುಗೆ ಮಾತ್ರ ತೂರುತ್ತದೆ. ಆಮೇಲೆ ಮಣಿಗಳನ್ನು ಹಳೆಯದರಿಂದ ಹೊಸದಕ್ಕೆ ಜಾರಿಸಿದರಾಯಿತು. ಮಣಿಗಳ ಅನುಕ್ರಮ ಕೆಡುವುದಿಲ್ಲ, ಕಣ್ಣು ಹುಡುಕುವ ಕೆಲಸವೇ ಇಲ್ಲ. ಹಳೆಯ ದಾರವೇ ಇಲ್ಲಿ ಸೂಜಿ. ಯುರೋಪಿನ ಯಾಬ್ಲೊನೆಟ್ಸ್ ಪಟ್ಟಣದಿಂದ ಜಗತ್ತಿಗೆಲ್ಲ ಹೋಗುತ್ತಿದ್ದ ಬೀಜಮಣಿಗಳು ಎಳೆಗಳಲ್ಲಿ ಪೋಣಿಸಿದ ಗೊಂಚಲುಗಳಾಗಿ ಮಾರಾಟವಾಗುತ್ತಿದ್ದುದರ ಅನುಕೂಲವೂ ಇದೇ: ಕೊಂಡವಳು ಅವನ್ನು ತನ್ನ ದಾರಕ್ಕೆ ಹೀಗೆಯೇ ಜಾರಿಸಿಕೊಳ್ಳಬಹುದಿತ್ತು.

ಒಡವೆ ಪೋಣಿಸುವುದನ್ನೇ ಕಸುಬಾಗಿ ಉಳ್ಳವರನ್ನು ಕನ್ನಡ ಪಟವೇಗಾರ ಎಂದು ಕರೆಯಿತು. ಮರಾಠಿಯ ಪಟವೇಕರಿ, ಉತ್ತರದ ಪಟವಾ ಇದೇ ಬಳಗದ ಪದಗಳು. ಎಡ್ಗರ್ ತರ್ಸ್ಟನ್ ೧೯೦೯ರಲ್ಲಿ ಪ್ರಕಟಿಸಿದ ಏಳು ಸಂಪುಟಗಳಲ್ಲಿ ಪಟವೇಗಾರರನ್ನು ಕನ್ನಡದ ರೇಷ್ಮೆ ಕಸುಬಿನವರೆಂದು ಗುರುತಿಸಲಾಗಿದೆ. ಇಂಥ ಕಸುಬುದಾರನ ಮುಖ್ಯ ಸಲಕರಣೆ ಅವನ ಕಾಲಿನ ಹೆಬ್ಬೆರಳು. ರೇಷ್ಮೆಯ ಎಳೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಹಿಡಿದರೆ ಎರಡು ಕೈಗಳೂ ಗಂಟಿಗೆ, ಗೊಂಡೆಗೆ, ಮಣಿಗೆ ಬಿಡುವಾಗುತ್ತವೆ. ಎಳೆತ ಎಷ್ಟಿರಬೇಕೆಂಬುದನ್ನು ಮೊಳೆಯಾಗಲಿ ಕೊಕ್ಕೆಯಾಗಲಿ ಅರಿಯಲಾರದು, ಬೆರಳು ಅರಿಯುತ್ತದೆ. ರುದ್ರಾಕ್ಷಿಯ ಸರದಲ್ಲಿ ಮಣಿಮಣಿಗೂ ನಡುವೆ ಗಂಟು ಹಾಕುವಾಗ ಇದರ ಬೆಲೆ ತಿಳಿಯುತ್ತದೆ. ಒಂದು ಕಡೆ ದಾರ ಕಿತ್ತರೂ ಮಿಕ್ಕ ಮಣಿ ಚದುರದಿರಲೆಂದು ಹಾಕುವ ಈ ಗಂಟು ಮಣಿಯ ಬಾಯಿಗೆ ಒತ್ತಿ ಕೂರಬೇಕು. ಮಾದಪ್ಪನ ದೇವರಗುಡ್ಡರು ಧರಿಸುವ ರುದ್ರಾಕ್ಷಿ ಸರಗಳನ್ನು, ಶ್ರೀಕಂಠೇಶ್ವರನ ಪಂಚಮಹಾರಥೋತ್ಸವದ ದಿನಗಳಲ್ಲಿ ನಂಜನಗೂಡಿನ ರಥಬೀದಿಯ ಆಸುಪಾಸು ಮಾರಾಟಕ್ಕೆ ಬರುವ ಸರಗಳನ್ನು ಗಂಟಿನ ದೃಷ್ಟಿಯಿಂದ ಹೋಲಿಸಿ ನೋಡುವುದು ಉಪಯುಕ್ತ. ರುದ್ರಾಕ್ಷಿಗೆ ಕಣ್ಣು ಹುಟ್ಟಿನಿಂದಲೇ ಇರುವುದರಿಂದ ಕೊರೆಯುವ ಗೋಜಿಲ್ಲ. ಒಳಗಿನ ತಿರುಳನ್ನು ಕಬ್ಬಿಣದ ಕಡ್ಡಿಯಿಂದ ತೆಗೆದರೆ ಸಾಕು.

ಗುಲಗಂಜಿಯದು ಇದಕ್ಕೆ ವಿರುದ್ಧವಾದ ಕಥೆ. ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಹೆಸರೇ ಗುಲಗಂಜಿಯಿಂದ ಬಂದದ್ದು. ಕಾಶಿಗಿಂತ ಈ ಕ್ಷೇತ್ರ ಗುಲಗಂಜಿಯಷ್ಟು ಹೆಚ್ಚು ತೂಗಿತೆಂಬ ಸ್ಥಳಪುರಾಣವನ್ನು ಊರಿನವರೆಲ್ಲ ಬಲ್ಲರು. ಅಕ್ಕಸಾಲಿಗನ ತಕ್ಕಡಿಯಲ್ಲಿ ಸುಮಾರು ೦.೧೨ ಗ್ರಾಮಿನ ತೂಕಕ್ಕೆ ನಿಂತ ಈ ಬೀಜ ಸರದಲ್ಲಿ ಮಣಿಯೂ ಆಯಿತು. ಆದರೆ ಅದರ ಸಿಪ್ಪೆ ಬಲು ಗಡುಸು. ಹಸಿಯಿದ್ದಾಗಲೇ ಚುಚ್ಚಬೇಕು, ಇಲ್ಲವೇ ನೆನೆಸಿ ಬೇಯಿಸಿ ಮೆತ್ತಗಾಗಿಸಬೇಕು. ಒಳಗಿನ ತಿರುಳು ತೀವ್ರವಾದ ವಿಷ. ಸಿಪ್ಪೆ ಒಡೆಯದೆ ನುಂಗಿದರೆ ಹೆಚ್ಚಿನ ಅಪಾಯವಾಗದೆ ಹೋಗಬಹುದಾದರೂ, ಕೊರೆಯುವಾಗ ಸೂಜಿ ಜಾರಿ ಬೆರಳಿಗೆ ಚುಚ್ಚಿದರೆ ವಿಷ ನೇರವಾಗಿ ರಕ್ತಕ್ಕೆ ಸೇರುತ್ತದೆ. ಬೀಜವನ್ನು ಹಲಗೆಯ ಕುಳಿಯಲ್ಲಿ ಕೂರಿಸಿ, ಬೆರಳನ್ನು ದೂರವಿಟ್ಟು ದಬ್ಬಳದಿಂದ ಚುಚ್ಚುವ ಕ್ರಮ ಕೇವಲ ಅನುಕೂಲದ ಮಾತಲ್ಲ, ಪ್ರಾಣರಕ್ಷಣೆಯದು.

ದಬ್ಬಳದ ಪ್ರಸ್ತಾಪ ಬಂದುದರಿಂದ ಒಂದು ಮಾತು. ಗೋಣಿ ಹೊಲಿಯುವ ಈ ದಪ್ಪ ಸೂಜಿಯೇ ದನಗಳ ಕೊರಳಪಟ್ಟಿಗೆ ಮಣಿ ಹೆಣೆಯುವುದಕ್ಕೂ ಸಾಧನ. ತಾಲ್ಲೂಕಿನ ಮುಡುಕುತೊರೆಯ ಜಾನುವಾರು ಜಾತ್ರೆಗೆ ಬರುವ ಹಳ್ಳಿಕಾರ್ ಎತ್ತುಗಳ ಸಿಂಗಾರದಲ್ಲಿ ದೊಡ್ಡ ಮಣಿ, ಕವಡೆ, ಗೆಜ್ಜೆಗಳು ಸೇರುತ್ತವೆ. ಇಲ್ಲಿ ಕೆಲಸ ಮಾಡುವವರು ಬಹುಮಟ್ಟಿಗೆ ಗಂಡಸರು.

ಸೂಜಿಯನ್ನೇ ಕೈಬಿಟ್ಟ ಇನ್ನೊಂದು ಪರಂಪರೆ ಹಕ್ಕಿಪಿಕ್ಕಿಯರದು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರವೂ ಸೇರಿದಂತೆ ಹಲವೆಡೆ ನೆಲೆಸಿರುವ, ವಾಗ್ರಿ ಭಾಷೆಯ ಈ ಸಮುದಾಯಕ್ಕೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ಬೇಟೆಯ ದಾರಿ ಮುಚ್ಚಿತು. ಮಣಿಸರದ ವ್ಯಾಪಾರ ಅವರಿಗೂ ತಮಿಳುನಾಡಿನ ನರಿಕುರವರಿಗೂ ಜೀವನಾಧಾರಗಳಲ್ಲೊಂದಾಯಿತು. ಬಸ್ ನಿಲ್ದಾಣದ ಬದಿಯಲ್ಲಿ, ಜಾತ್ರೆಯ ಬಯಲಿನಲ್ಲಿ ಕುಳಿತು ಗಿರಾಕಿಯ ಎದುರಿಗೇ ಸರ ಮಾಡಿಕೊಡುವ ಹೆಂಗಸಿನ ಕೈಯಲ್ಲಿರುವುದು ಒಂದು ಇಕ್ಕಳ, ಒಂದು ಸುರುಳಿ ತಂತಿ. ಮಣಿಯೊಳಗೆ ತಂತಿ ತೂರಿಸಿ ಇಕ್ಕಳದ ಮೂತಿಗೆ ಸುತ್ತಿ ಕೊಂಡಿ ಮಾಡಿ ಮುಂದಿನ ಮಣಿಗೆ ಸಿಕ್ಕಿಸುತ್ತಾಳೆ. ತಂತಿಗೆ ತನ್ನ ಗಡಸೇ ಸಾಕು. ಸೂಜಿ, ಮೇಣ, ಗಂಜಿ, ಮೊರ ಯಾವುದೂ ಬೇಡ. ಅಲೆದು ಬಾಳುವವರಿಗೆ ತಕ್ಕ ಸಲಕರಣೆ ಇದು. ಸೆರಗಿನಲ್ಲಿ ಕಟ್ಟಿಕೊಂಡು ಹೊರಡಬಹುದು. ತಿ. ನರಸೀಪುರದಲ್ಲಿ ೧೯೮೯ರಿಂದ ನಡೆದುಬಂದ ಕುಂಭಮೇಳದಂಥ ಸಮಾವೇಶಗಳು ಇಂಥ ವ್ಯಾಪಾರಕ್ಕೆ ಹೇಳಿಮಾಡಿಸಿದವು. ೨೦೨೫ರ ಫೆಬ್ರವರಿಯಲ್ಲಿಯೂ ಅದು ಜರುಗಿತು. ಕ್ಷೇತ್ರಕಾರ್ಯಕರ್ತರು ಇಂಥ ಕಡೆ ಸರದ ಛಾಯಾಚಿತ್ರ ತೆಗೆಯುತ್ತಾರೆ. ಇಕ್ಕಳದ ಮೂತಿ ಸವೆದ ಬಗೆಯನ್ನೂ ತೆಗೆದಿಟ್ಟರೆ ಆ ಕೈ ಎಷ್ಟು ವರ್ಷ ದುಡಿದಿದೆಯೆಂಬುದರ ಅಂದಾಜು ಸಿಕ್ಕೀತು.

ಮನೆಯೊಳಗಿನ ಮಣಿಗೆಲಸದಲ್ಲಿ ಇದೇ ಬ���ಲಾವಣೆಯನ್ನು ತಂದದ್ದು ನೈಲಾನ್. ಹಳೆಯ ಮೈಸೂರಿನ ಮನೆಗಳ ಬಾಗಿಲಿಗೆ ನಳಿಗೆಮಣಿ ಮತ್ತು ಬೀಜಮಣಿಗಳ ತೋರಣ, ನವರಾತ್ರಿಯ ಗೊಂಬೆಗಳಿಗೆ ಮಣಿಯ ಅಲಂಕಾರ, ಚೌಕಟ್ಟಿನೊಳಗೆ ಮಣಿಯ ಕೃಷ್ಣ, ಇವೆಲ್ಲ ನೂಲು ಮತ್ತು ಸೂಜಿಯ ಕಾಲದವು. ನೈಲಾನಿನ ಆವಿಷ್ಕಾರವನ್ನು ಅಮೆರಿಕದ ಡ್ಯೂಪಾಂಟ್ ಸಂಸ್ಥೆ ೧೯೩೮ರಲ್ಲಿ ಪ್ರಕಟಿಸಿತು. ಮೀನುಗಾರರ ಗಾಳಕ್ಕೆ ಒದಗಿದ ಅದೇ ಒಂಟಿ ಎಳೆ, ಜನರ ಬಾಯಲ್ಲಿ ತಂಗೂಸಿ ಎನಿಸಿಕೊಂಡು, ಪ್ಲಾಸ್ಟಿಕ್ ಮುತ್ತಿನ ಮಣಿಗಳ ಜೊತೆಗೆ ಹೆಂಗಸರ ಕೈಸೇರಿತು. ಅದರ ತುದಿ ಒಡೆಯುವುದಿಲ್ಲ, ನೆನೆಯುವುದಿಲ್ಲ, ಓರೆಯಾಗಿ ಕತ್ತರಿಸಿದರೆ ಸೂಜಿಯಂತೆಯೇ ಮೊನೆಯಾಗುತ್ತದೆ. ಸೂಜಿ ಹೀಗೆ ದಾರದಲ್ಲೇ ಲೀನವಾಯಿತು. ಇದರಿಂದ ಸುಲಭವಾದುದು ಎರಡು ತುದಿಗಳ ಹೆಣಿಗೆ. ಎಳೆಯ ನಡುವಿಗೆ ಮಣಿಗಳನ್ನಿಟ್ಟು, ಕೊನೆಯ ಮಣಿಯೊಳಗೆ ಎರಡೂ ತುದಿಗಳನ್ನು ಎದುರುಬದುರಾಗಿ ಹಾಯಿಸಿ ಎಳೆದರೆ ಒಂದು ಹೂವು ಮುಚ್ಚುತ್ತದೆ. ಆ ಮಣಿಯೇ ಮುಂದಿನ ಹೂವಿಗೂ ಸಲ್ಲುತ್ತದೆ. ನಾಲ್ಕು ಮಣಿಯ ಹೂವುಗಳನ್ನು ಸೇರಿಸುತ್ತ ಹೋದರೆ ಸಪಾಟಾದ ಹಾಸು. ಐದು ಮಣಿಯ ಹೂವುಗಳನ್ನು ಸೇರಿಸಿದರೆ ಅದು ತಾನಾಗಿ ಬಾಗುತ್ತ ಚೆಂಡಾಗುತ್ತದೆ. ಹನ್ನೆರಡು ಹೂವುಗಳಿಗೆ ಚೆಂಡು ಪೂರ್ತಿಯಾಗುತ್ತದೆ. ಹೂವಿಗೆ ಐದರಂತೆ ೬೦ ಮಣಿ ಬೇಕೆನಿಸಿದರೂ ಪ್ರತಿ ಮಣಿ ಎರಡು ಹೂವುಗಳಿಗೆ ಸೇರುವುದರಿಂದ ಹಿಡಿಯುವುದು ೩೦ ಮಾತ್ರ. ಗಣಿತದವರು ದ್ವಾದಶಮುಖಿ ಎಂದು ಕರೆಯುವ ಈ ಆಕೃತಿಯನ್ನು ಚುಕ್ಕಿ ರಂಗೋಲಿಯ ಎಣಿಕೆ ಬಲ್ಲ ಹೆಂಗಸರು ಕಾಗದದ ನೆರವಿಲ್ಲದೆ ಹೆಣೆದು ಬೀಗದಕೈ ಗೊಂಚಲಿಗೆ ಕಟ್ಟುತ್ತಾರೆ. ಇದು ಜನಪದ ಗಣಿತವೆಂದು ಒಪ್ಪಲು ನಮ್ಮ ವಿದ್ವಾಂಸರಿಗೆ ಪ್ಲಾಸ್ಟಿಕ್ ಅಡ್ಡಬಂದಿರಬೇಕು.

ಈಚಿನ ದಶಕಗಳಲ್ಲಿ ಪೇಟೆಗೆ ಬಂದ ಎರಡು ಸಾಧನಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮೊದಲನೆಯದು ತಿರುಗುವ ಬಟ್ಟಲು. ನಡುವೆ ಗೂಟವಿರುವ ಮರದ ಬಟ್ಟಲಿಗೆ ಅರ್ಧದಷ್ಟು ಮಣಿ ತುಂಬಿ, ಒಂದು ಕೈಯಲ್ಲಿ ಗೂಟವನ್ನು ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಬಾಗಿದ ಸೂಜಿಯ ಮೊನೆಯನ್ನು ಮಣಿಗಳ ಹರಿವಿಗೆ ಎದುರಾಗಿ ಹಿಡಿದರೆ, ಕಣ್ಣು ನೇರಕ್ಕೆ ಬಂದ ಮಣಿಗಳು ತಾವಾಗಿ ಸಾಲುಗಟ್ಟಿ ಏರುತ್ತವೆ. ಕಣ್ಣು ಮಾಡಬೇಕಾದ ಕೆಲಸವನ್ನು ಇಲ್ಲಿ ವೇಗ ಮಾಡುತ್ತದೆ. ಬಿಡಿಮಣಿಗಳನ್ನು ತೂಕಕ್ಕೆ ಕೊಳ್ಳುವವರಿಗೆ ಇದು ನಿಜವಾದ ನೆರವು. ಬನಾರಸ್ ಮತ್ತು ಉತ್ತರಪ್ರದೇಶದ ಪುರ್ದಿಲ್‌ನಗರಗಳ ಗಾಜಿನ ಮಣಿಗಳಾಗಲಿ, ಚನ್ನಪಟ್ಟಣದ ಚರಕಿಯಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಮರದ ಮಣಿಗಳಾಗಲಿ ಸಾಲಾಗಿ ಬರಬೇಕೆಂದಿಲ್ಲವಲ್ಲ. ಆದರೆ ಚನ್ನಪಟ್ಟಣದ ದಪ್ಪ ಮಣಿಗೆ ಬಟ್ಟಲಿನ ಅಗತ್ಯವೇ ಬೀಳದು, ಅದರ ಕಣ್ಣಿಗೆ ದಾರ ಬರಿಗೈಯಲ್ಲೇ ಹೋಗುತ್ತದೆ. ಬಟ್ಟಲಿನ ಮಿತಿಯೂ ಸ್ಪಷ್ಟವಿದೆ. ಒಂದೇ ಬಣ್ಣದ ಇಲ್ಲವೇ ಕಲಬೆರಕೆಯ ಸರಕ್ಕೆ, ಗೊಂಡೆಗೆ, ಜಾಲರಿಗೆ ಅದು ಒದಗುತ್ತದೆ. ಇಷ್ಟು ಕೆಂಪು, ಇಷ್ಟು ಬಿಳಿ ಎಂದು ಎಣಿಸಿ ಏರಿಸುವ ಚಿತ್ರದ ಕೆಲಸಕ್ಕೆ ಅದರಿಂದ ಉಪಯೋಗವಿಲ್ಲ.

ಎರಡನೆಯದು ಮಣಿಮಗ್ಗ. ಹಲಗೆಯ ಎರಡು ಕೊನೆಗಳಲ್ಲಿ ಬಾಚಣಿಗೆಯಂಥ ಹಲ್ಲುಗಳಿರುವ ಈ ಪುಟ್ಟ ಚೌಕಟ್ಟಿನಲ್ಲಿ, ಅಗಲಕ್ಕೆ ಎಷ್ಟು ಮಣಿಯೋ ಅದಕ್ಕಿಂತ ಒಂದು ಹೆಚ್ಚು ಹಾಸಿನೆಳೆ ಕಟ್ಟಬೇಕು. ಒಂದು ಸಾಲಿನ ಮಣಿಗಳನ್ನು ಸೂಜಿಯಲ್ಲಿ ಏರಿಸಿ ಹಾಸಿನ ಕೆಳಗಿನಿಂದ ಬೆರಳಿನಿಂದ ಒತ್ತಿದರೆ ಒಂದೊಂದು ಮಣಿ ಎರಡೆರಡು ಎಳೆಗಳ ನಡುವೆ ಮೇಲೇಳುತ್ತದೆ. ಸೂಜಿಯನ್ನು ಅದೇ ಕಣ್ಣುಗಳೊಳಗೆ, ಈ ಸಲ ಹಾಸಿನ ಮೇಲಿನಿಂದ, ಹಿಂದಿರುಗಿಸಿದರೆ ಸಾಲು ಭದ್ರ. ಮೊಳೆ ಹೊಡೆದ ಹಲಗೆ, ಬಾಗಿಸಿದ ಬಿದಿರಿನ ಬಿಲ್ಲು, ಪಾದರಕ್ಷೆಯ ರಟ್ಟಿನ ಪೆಟ್ಟಿಗೆಯ ಕತ್ತರಿಸಿದ ಅಂಚು ಇದೇ ಕೆಲಸ ಮಾಡಬಲ್ಲವು. ಅಗಲವಾದ ಪಟ್ಟಿಗೆ ಮಗ್ಗ ವೇಗ ತರುತ್ತದೆ, ಎಳೆತವನ್ನು ಸಮನಾಗಿಡುತ್ತದೆ. ಕೆಲಸ ಮುಗಿದಮೇಲೆ ಉಳಿಯುವ ಹಾಸಿನ ತುದಿಗಳನ್ನು ಒಂದೊಂದಾಗಿ ಹುದುಗಿಸುವ ಬೇಸರ ಮಾತ್ರ ಬರಿಗೈ ಹೆಣಿಗೆಯಲ್ಲಿಲ್ಲ. ಸರ ಮಾರಿ ಬದುಕುವವಳಿಗೆ ಬಟ್ಟಲು, ಪಟ್ಟಿ ಹೆಣೆದು ಮಾರುವವಳಿಗೆ ಮಗ್ಗ ಲಾಭದಾಯಕ ಎಂಬುದರಲ್ಲಿ ಅನುಮಾನವಿಲ್ಲ. ತುಂಡಿಗಿಷ್ಟು ಎಂದು ಕೂಲಿ ಕೊಡುವ ಕಡೆಗಳಲ್ಲಿ ವೇಗ ಹೆಚ್ಚಿದೊಡನೆ ತುಂಡಿನ ದರವನ್ನು ಇಳಿಸುವ ಪ್ರವೃತ್ತಿಯೂ ಬರಬಹುದು. ಸಾಧನ ಯಾರ ಸ್ವತ್ತು, ಮಣಿ ಯಾರ ಬಂಡವಾಳ ಎಂದು ಕೇಳದೆ ಅದು ಕೆಲಸವನ್ನು ಸುಲಭಗೊಳಿಸಿತೆಂದು ಬರೆದರೆ ವಿವರಣೆ ಅರ್ಧಕ್ಕೆ ನಿಲ್ಲುತ್ತದೆ.

ಸಂಗ್ರಹಾಲಯಗಳ ಕೆಲಸಕ್ಕೆ ಸಂಬಂಧಿಸಿದಂತೆ ಒಂದೆರಡು ಸೂಚನೆಗಳನ್ನು ಮುಂದಿಡಬಹುದು. ಮಣಿಯ ಸರವೊಂದನ್ನು ಸಂಗ್ರಹಕ್ಕೆ ತಂದಾಗ ಮಣಿಯ ಬಣ್ಣ, ಸಂಖ್ಯೆಗಳ ಜೊತೆಗೆ ದಾರದ ಜಾತಿ, ತುದಿಯಲ್ಲಿ ಗಂಜಿಯೋ ಮೇಣವೋ ಎಂಬುದು, ಗಂಟಿನ ಬಗೆ, ಒಂದು ಕಣ್ಣಿನಲ್ಲಿ ಎಷ್ಟು ಎಳೆ ಹಾದಿದೆ ಎಂಬುದು ದಾಖಲಾಗಬೇಕು. ಸವೆದ ದಾರವನ್ನು ತೆಗೆದು ಹೊಸ ದಾರಕ್ಕೆ ಪೋಣಿಸಿ ಪ್ರದರ್ಶನಕ್ಕಿಡುವುದು ಅಂದದ ದೃಷ್ಟಿಯಿಂದ ಸರಿ. ಹಾಗೆ ಮಾಡಿದ ಕಡೆ ಹಳೆಯ ದಾರವನ್ನು ಸುರುಳಿ ಸುತ್ತಿ ಅದೇ ಸಂಖ್ಯೆಯ ಚೀಟಿಯೊಡನೆ ಇಡಬೇಕು. ಮೊರವನ್ನು ತರುವುದು ಮಾತ್ರ ಕಷ್ಟ. ಮಣಿಗೆಲಸ ಮುಗಿದ ಮನೆಯಲ್ಲಿ ಅದಕ್ಕೆ ಸಂಜೆಯ ಹೊತ್ತಿಗೆ ಅಕ್ಕಿ ಕೇರುವ ಕೆಲಸ ಕಾದಿರುತ್ತದೆ.